ಅತ್ತೆಯ ಕಾರ್ಟೂನ್ ಮಂಗಟ್ಟೆ

ಶಿರಸಿ ಬಸ್ಸಿನಲ್ಲಿ ಕಂಪ್ಯೂಟರನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಂಡಕ್ಟರನ ಜೊತೆ ಜಗಳಕ್ಕೆ ನಿಂತ ಹೆಂಗಸು ಯಾರಾದರೂ ಇದ್ದರೆ ಅದು ನನ್ನ ಅತ್ತೆಯೇ!

"ಇದಕ್ಕೂ ಟಿಕೆಟ್ ತಗೋಬೇಕು ಅಮ್ಮಾ."

"ಇದು ಹುಟ್ಟಿ ಎರಡು ವರ್ಷ ಆಗಿಲ್ಲ. ಸಣ್ಣ ಮಕ್ಕಳಿಗೆ ಟಿಕೆಟ್ ಎಂತಕ್ಕೆ?"

ಕಂಡಕ್ಟರ್ ತಲೆ ಕೆರೆದುಕೊಂಡು ಮುಂದಿನ ಸೀಟಿಗೆ ಹೋದ. ಹಿಂದಿನ ಸೀಟಿನಲ್ಲಿ ಸಿಪಿಯು ಅಪ್ಪಿಕೊಂಡಿದ್ದ ನಾನು ಕಿಟಕಿಯಾಚೆ ನೋಡುತ್ತ, ಇವಳು ಯಾರೋ ನಾನು ಯಾರೋ ಎಂಬಂತೆ ಕುಳಿತಿದ್ದೆ.

ನಮ್ಮೂರಿಗೆ ಕಂಪ್ಯೂಟರ್ ಕ್ಲಾಸು ಬಂದ ಹೊಸತು. ಅಪ್ಪನ ತಂಗಿಯಾದ ಈ ಅತ್ತೆ ಕಾಲೇಜು ಹುಡುಗಿಯರ ನಡುವೆ ಕೂತು ಕಾರ್ಟೂನು ಮಾಡುವುದನ್ನು ಕಲಿತುಬಿಟ್ಟಳು. "ಕಾಡು ಉಳಸಿ ಹೇಳಿ ದೊಡ್ಡವಕ್ಕೆ ಹೇಳಿ ಪ್ರಯೋಜನ ಇಲ್ಲೆ. ಹಾಲುಹಲ್ಲು ಇಪ್ಪವಕ್ಕೇ ಹೇಳವು" ಎಂದು, ಕಾಡು ಉಳಿಸುವ ಪಾಠ ಚಿಕ್ಕ ಮಕ್ಕಳಿಗೇ ಆಗಬೇಕೆಂಬುದು ಅವಳ ವಾದ. ಹಾಗಾಗಿ ಬಾಲವಾಡಿಯಿಂದ ಬಾಲವಾಡಿಗೆ ನಮ್ಮ ದಂಡಯಾತ್ರೆ!

ಕಥೆ ಮಂಗಟ್ಟೆ ಹಕ್ಕಿಯದು. ಹೆಣ್ಣು ಹಕ್ಕಿ ಮರದ ಪೊಟರೆಯ ಬಾಯಿಗೆ ಮೆತ್ತಿಕೊಂಡು ಒಳಗೆ ಮರಿಗಳ ಜೊತೆ ಬಂದಿಯಾಗಿರುತ್ತದೆ. ಗಂಡು ದಿನವೂ ಹಣ್ಣು ತಂದು ಕೊಡುತ್ತದೆ. ಒಂದು ದಿನ ಬೇಟೆಗಾರನ ಕೋವಿ "ಢಂ" ಎನ್ನುತ್ತದೆ. ಗಂಡು ಮರಳುವುದಿಲ್ಲ. ಮುಗಿಯಿತು ಕಥೆ.

"ಅತ್ತೆ, ಈ ಕೋಳಿ ತಲೆ ಮೇಲೆ ಬಾಳೆಹಣ್ಣು ಎಂತಕ್ಕೆ?" ಎಂದು ಒಮ್ಮೆ ಕೇಳಿದ್ದೆ.

"ಅದು ಮಂಗಟ್ಟೆ ಕೊಕ್ಕು. ಬಾಯಿ ಮುಚ್ಚಿ ಹೊರು, ತಮಾ!"

ಸ್ಪೀಕರ್ ಇರಲಿಲ್ಲವಾದ್ದರಿಂದ ದನಿಗಳೆಲ್ಲ ಅತ್ತೆಯವೇ. ಪರದೆಯ ಹಿಂದೆ ನಿಂತು ಗಂಡಿಗೆ ಗಡಸು ದನಿ, ಹೆಣ್ಣಿಗೆ ಕೀರಲು ದನಿ. ಕಾನಸೂರಿನಲ್ಲಿ ಕೋವಿಯ ಸದ್ದು ಎಷ್ಟು ಜೋರಾಗಿ ಬಂತೆಂದರೆ ಅಡುಗೆಯ ಅಕ್ಕ ಉಪ್ಪಿಟ್ಟಿನ ಸೌಟು ಬಿಟ್ಟು ಹೊರಗೆ ಓಡಿ ಬಂದಳು! ಎಲ್ಲಿ ತೋರಿಸಿದರೂ ಕೊನೆಗೆ ಮಕ್ಕಳು ಗೋಳೋ ಎಂದು ಅಳುತ್ತಿದ್ದವು. ಪಾಪದ ಹಕ್ಕಿಯನ್ನು ಬದುಕಿಸು ಎಂದು ನಾನೂ ಹೇಳಿ ಸೋತೆ. "ಹಕ್ಕಿ ಸಾಯದಿದ್ರೆ ಬುದ್ಧಿ ಬರೂದು ಹ್ಯಾಂಗೆ?" ಅತ್ತೆಯ ಹಟ ಎಂದರೆ ಹಟ.

ಯಲ್ಲಾಪುರದ ಬಾಲವಾಡಿಯಲ್ಲಿ ಒಬ್ಬಳು ಪುಟ್ಟ ಹುಡುಗಿ ಅಳಲಿಲ್ಲ. ಎದ್ದು ಬಂದು ಪರದೆಯ ಮುಂದೆಯೇ ನಿಂತಳು.

"ಅಜ್ಜೀ, ಹಂಗಾದ್ರ ನಮ್ಮ ಅಬ್ಬಾನೂ ಬರಂಗಿಲ್ಲೇನ್ರಿ?"

ಅವಳ ಅಪ್ಪ ಲಾರಿ ಡ್ರೈವರ್. ಘಾಟಿ ಇಳಿದು ಹೋದವನು ಬರಬೇಕಾದ ದಿನ ದಾಟಿದೆ, ಸುದ್ದಿಯೂ ಇಲ್ಲ ಎಂದು ಟೀಚರ್ ಮೆಲ್ಲಗೆ ಹೇಳಿದರು.

ಅತ್ತೆ ಕೀಬೋರ್ಡಿನತ್ತ ಬಾಗಿದಳು. ಏನೋ ಒತ್ತಿ, ಗಂಡು ಹಕ್ಕಿ ಹಣ್ಣು ಹಿಡಿದು ಹಾರಿ ಬರುವ ಮೊದಲ ದೃಶ್ಯವನ್ನೇ ಮತ್ತೆ ಓಡಿಸಿದಳು.

"ಬಂತು! ಬಂತು!" ಮಕ್ಕಳೆಲ್ಲ ಕೂಗಿದವು.

ಹುಡುಗಿ ಮಾತ್ರ ನಂಬಲಿಲ್ಲ. "ಇಷ್ಟೊತ್ತು ಎಲ್ಲಿಗೆ ಹೋಗಿತ್ರಿ?"

ಪರದೆಯ ಹಿಂದಿನಿಂದ ಗಡಸು ದನಿ ಬಂತು.

"ದಾರಿಯಲ್ಲಿ ಟೈರ್ ಪಂಕ್ಚರ್ ಆಗಿತ್ತು ಮಗಾ. ಅದಕ್ಕೇ ತಡ ಆಯ್ತು."

"ಹಂಗಾದ್ರ ಅಬ್ಬಾಂದೂ ಪಂಕ್ಚರ್ರೇ!" ಎಂದು ಹುಡುಗಿ ತನ್ನ ಜಾಗಕ್ಕೆ ಹೋಗಿ ಕುಳಿತಳು.

ಆ ಲಾರಿ ಮನೆ ಸೇರಿತೆಂದು ಟೀಚರ್ ತಿಳಿಸುವ ತನಕ ಅತ್ತೆ ಊಟದ ನಡುವೆಯೂ ಎದ್ದೆದ್ದು ಫೋನಿನ ಹತ್ತಿರ ಹೋಗುತ್ತಿದ್ದಳು.