ಸಾಲ್ಸಾ ತಾಳಕ್ಕೆ ಮಾವ ಬಂದದ್ದು

ಹಿತ್ತಲ ಕೋಣೆಯ ಗೋಡೆಗೆ ಮೊಟ್ಟೆ ಟ್ರೇ ಹೊಡೆದು ಅದನ್ನ ರೆಕಾರ್ಡಿಂಗ್ ಸ್ಟುಡಿಯೋ ಅಂತ ಕರೆದ ಮೇಲೆ ಇಂಥವೆಲ್ಲ ಆಗ್ತಾನೇ ಇರ್ತವೆ. ಬೇರೆಯವರ ಮನೇಲಿ ಆಗಿದ್ರೆ ನಾನೂ ನಗ್ತಿದ್ದೆ.

ಈ ಸಲ ಸಾಲ್ಸಾ ಅನ್ನೋ ಫಾರಿನ್ ಕುಣಿತ. ಬೆಂಗಳೂರಿನ ಡ್ಯಾನ್ಸ್ ಮೇಡಂ ಒಬ್ಬರು ಫೋನ್ ಮಾಡಿ, "ಕಂಪ್ಯೂಟರ್ ಸದ್ದು ಬೇಡ ಸಾರ್, ಕೈಯಲ್ಲಿ ನುಡಿಸಿದ ಲ್ಯಾಟಿನ್ ತಾಳ ಬೇಕು" ಅಂದ್ರು. "ಅದಕ್ಕೇನು ಮೇಡಂ" ಅಂದ್ಬುಟ್ಟೆ. ಬಾಯಿ ನಂದು, ಯಾರಪ್ಪಂದೇನು ಹೋಗ್ಬೇಕು?

ಚನ್ನಪಟ್ಟಣದಲ್ಲಿ ಮರದ ವಾದ್ಯ ಮಾಡಿಸಬೇಕು ಅಂದ್ರೆ ನನಗೆ ಮಾವನೇ ಗತಿ. ಬೊಂಬೆ ಕಡೆಯೋದು ಅವರ ಕಸುಬು. ಆದರೆ ಕೀಬೋರ್ಡ್ ಬಡಿಯೋನನ್ನ ಮಗಳು ಹಟ ಹಿಡಿದು ಮದುವೆ ಆದಳಲ್ಲ, ಅವತ್ತಿಂದ ಅವರಿಗೂ ನನಗೂ ಮಾತಿಲ್ಲ. ಬರ್ತಾರೆ, ಗೇಟಿನ ಹತ್ರ ಮಗಳ ಕೈಗೆ ರಾಗಿ ಹಿಟ್ಟು ಕೊಟ್ಟು ಹೋಗ್ತಾರೆ. "ಅಪ್ಪ ಒಂದ್ಸಲ ಒಳಗ್ ಬಂದು ನಿಮ್ಮನ್ನ ಮಾತಾಡಿಸ್ಬುಟ್ರೆ ಸಾಕು ಕಣ್ರೀ, ನಂಗಿನ್ನೇನೂ ಬ್ಯಾಡ" ಅಂತ ನನ್ನ ಹೆಂಡತಿ ಕಣ್ಣು ಒರೆಸ್ಕೊಳ್ಳೋಳು.

ಗಂಡು ಹೆಣ್ಣು

ಸಾಲ್ಸಾಕ್ಕೆ ಮೊದಲು ಬೇಕಾದ್ದು ಕ್ಲೇವ್. ಬರೀ ಎರಡು ಮರದ ಕೋಲು. ಒಂದಕ್ಕೊಂದು ಬಡಿದು ಮೂರು ಪೆಟ್ಟು, ಆಮೇಲೆ ಎರಡು ಪೆಟ್ಟು, ಆಮೇಲೆ ಒಸಿ ಖಾಲಿ ಜಾಗ. ಇಡೀ ಕುಣಿತ ನಿಂತಿರೋದೇ ಇದರ ಮೇಲೆ. ಎರಡು ಕೋಲು ಬೇಕು ಅಂತ ಹೆಂಡತಿ ಕೈಲಿ ಮಾವನಿಗೆ ಹೇಳಿಸಿದೆ.

ಬೋಳು ಕೋಲು ಕಳಿಸಕ್ಕೆ ಮಾವನಿಗೆ ಮನಸ್ಸು ಬರಬೇಕಲ್ಲ! ಗೇಟಿನ ಹತ್ರ ಕೊಟ್ಟ ಬಟ್ಟೆ ಗಂಟು ಬಿಚ್ಚಿದರೆ, ಕೆಂಪು ಅರಗು ಬಳಿದು ಒಂದಕ್ಕೆ ಪೇಟ, ಮೀಸೆ. ಇನ್ನೊಂದಕ್ಕೆ ಸೀರೆ, ಕುಂಕುಮ. ನಾನು ಅಲ್ಲೇ ಟಕ್ ಅಂತ ಬಡಿದೆ.

"ಅಯ್ಯೋ, ಮದ್ವೆ ಬೊಂಬೆನ ಹಿಂಗಾ ಹೊಡೆದಾಡ್ಸದು?" ಹೆಂಡತಿ ಕಿರುಚಿದಳು.

ಮಾವ ನನ್ನ ಕಡೆ ನೋಡದೆ ಮಗಳಿಗೆ ಹೇಳಿದರು: "ಬುಡವ್ವ. ಮದ್ವೆ ಆದ್ಮೇಲೆ ಒಸಿ ಸದ್ದು ಆಗ್ಲೇಬೇಕು."

ಗೂಡು

ಕೋಲಿನ ಜೊತೆಗೆ ಜರ್ ಜರ್ ಅನ್ನೋ ಸದ್ದೂ ಬೇಕು, ಅದಕ್ಕೆ ಏನು ಮಾಡೋದು? ಪಕ್ಕದ ಮನೆಯವರು ರೇಷ್ಮೆ ಬೆಳೀತಾರೆ. ಒಂದು ಹಿಡಿ ಗೂಡು ಕೇಳಿ ತಂದು ಡಬ್ಬಿಗೆ ಹಾಕಿ ಅಲ್ಲಾಡಿಸಿದರೆ, ಆಹಾ, ಎಂಥಾ ನಾದ! "ಬಿಸ್ಲಿಗ್ ಹಾಕಿ ಚೆನ್ನಾಗಿ ಒಣಗ್ಸು ಕಣಪ್ಪ" ಅಂದಿದ್ರು ಪಕ್ಕದ ಮನೆ ಆಯಮ್ಮ. ಒಳಗಿರೋ ಹುಳ ಸಾಯ್ತದಲ್ಲ ಅಂತ ನನಗೆ ಕೈ ಬರಲಿಲ್ಲ. ಡಬ್ಬಿಗೆ ತೆಳು ಬಟ್ಟೆ ಕಟ್ಟಿ ಸ್ಟುಡಿಯೋದ ಸೌಂಡ್ ಮಿಕ್ಸರ್ ಮೇಲಿಟ್ಟು ಬೇರೆ ಕೆಲಸಕ್ಕೆ ಹೋದೆ.

ಮುಂದಿನ ವಾರ ಕಸ ಗುಡಿಸಕ್ಕೆ ಹೋದ ಹೆಂಡತಿ ಒಳಗಿಂದಲೇ ಕೂಗಿದಳು. ಕಟ್ಟಿದ್ದ ಬಟ್ಟೆ ಸಡಿಲವಾಗಿ, ಗೂಡು ತೂತು ಮಾಡ್ಕೊಂಡು ಹೊರಗೆ ಬಂದ, ಹಾರಕ್ಕೂ ಬರದ ಬಿಳೀ ಚಿಟ್ಟೆಗಳು ಮಿಕ್ಸರ್ ಬಟನ್ ಮೇಲೆಲ್ಲ ಜೋಡಿ ಜೋಡಿಯಾಗಿ ಕೂತಿದ್ದವು.

"ರೀ, ಬಿರ್ನೆ ಬನ್ನಿ! ನಿಮ್ ತಾಳ ಮೊಟ್ಟೆ ಇಕ್ಕೈತೆ!"

ಖಾಲಿ ಜಾಗ

ಈ ಸುದ್ದಿ ಫೋನಲ್ಲಿ ಮಾವನಿಗೆ ಹೋಯ್ತು. ಮೂರನೇ ದಿನ ಮರದ ಗಿಲಕಿ ಮಾಡ್ಕೊಂಡು ಬಂದರು. ಮಗಳ ಕೈಗೆ ಕೊಡಕ್ಕೆ ಹೋದವರು ಹಂಗೇ ಹಿಂದಕ್ಕೆ ಎಳಕೊಂಡರು. "ಬ್ಯಾಡ. ಅವನ ಕೈಗೆ ಕೊಟ್ರೆ ಇದ್ಕೇನ್ ಗತಿ ಕಾಣಿಸ್ತಾನೋ" ಅಂತ ಗಿಲಕಿ ಎದೆಗವಚಿಕೊಂಡು ಸೀದಾ ಒಳಗೆ ಬಂದೇಬಿಟ್ಟರು!

ನಾನು ಓಡಿಹೋಗಿ ಅವರಿಗೆ ಕುರ್ಚಿ ಎಳೆದೆ. ಮೈಕ್ ಮುಂದೆ ಕೂರಿಸಿದೆ. "ಕೆಂಪು ಲೈಟು ಹತ್ತಿದ್ಮೇಲೆ ಯಾರೂ ಮಾತಾಡಂಗಿಲ್ಲ" ಅಂತ ಹೆಂಡತಿಗೆ ಹೇಳಿದೆ, ಅವರಿಗೂ ಕೇಳೋ ಹಾಗೆ. ನಾನು ಕೋಲು, ಅವರು ಗಿಲಕಿ. ಟಕ್, ಟಕ್, ಟಕ್. ಟಕ್ ಟಕ್. ಎಷ್ಟು ಚೆನ್ನಾಗಿ ಕೂಡಿಬಂತು ಅಂದ್ರೆ ನಾನು ಕಣ್ಣು ಮುಚ್ಚಿಬಿಟ್ಟೆ. ಆಗ ಆ ಖಾಲಿ ಜಾಗದಲ್ಲಿ, ಮೈಕಿನೊಳಕ್ಕೇ ಕೇಳಿದರು:

"ಊಟ ಆಯ್ತೇನಪ್ಪಾ?"

ನನ್ನನ್ನೇ ಕೇಳಿದ್ದು! ಆದರೆ ಕೆಂಪು ಲೈಟು ಉರೀತಿತ್ತು, ನಾನು ಬಾಯಿ ಬಿಡಂಗಿರಲಿಲ್ಲ. ಕೈ ಮಾತ್ರ ಬಡೀತಾನೇ ಇತ್ತು. ಹೆಂಡತಿ ಬಾಗಿಲಲ್ಲಿ ಸೆರಗು ಬಾಯಿಗಿಟ್ಕೊಂಡು ನಿಂತಿದ್ದಳು.

ರೆಕಾರ್ಡಿಂಗಿಂದ ಆ ಮಾತನ್ನ ಕತ್ತರಿಸಬೇಕಿತ್ತು. ನನ್ನಿಂದಾಗಲಿಲ್ಲ, ಹಂಗೇ ಕಳಿಸಿದೆ. ಮೇಡಂ ಬಯ್ತಾರೆ ಅಂದ್ಕೊಂಡರೆ ವಿಡಿಯೋ ಕಳಿಸಿದರು. ಕ್ಲಾಸಿಗೆ ಕ್ಲಾಸೇ ಸೊಂಟ ಕುಣಿಸ್ತಾ, "ಊಟ ಆಯ್ತೇನಪ್ಪಾ" ಬಂದ ತಕ್ಷಣ "ಆಯ್ತೂ!" ಅಂತ ಕೂಗ್ತಾರೆ!

ಮಾವನನ್ನ ಕರೆಸಿ ತೋರಿಸಿದೆವು. ಪೂರಾ ನೋಡಿ, ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

"ಊರೋರೆಲ್ಲ ಹೇಳ್ಬುಟ್ರು. ನಾನ್ ಕೇಳಿದ್ದು ನಿನ್ನ ಕಣಯ್ಯಾ. ನಿಂದು ಆಯ್ತಾ, ಇಲ್ವಾ?"

ಆಗಿತ್ತು. ಹೊಟ್ಟೆ ಬಿರಿಯೋ ಹಾಗೆ ಆಗಿತ್ತು. "ಇಲ್ಲ ಮಾವ" ಅಂದು, ಅವರ ಪಕ್ಕದಲ್ಲೇ ಕೂತು ಇನ್ನೆರಡು ಮುದ್ದೆ ನುಂಗಿದೆ.