ಗ್ರಂಥಪಾಲಕರು ಪಂಪು ಬದಲಿಸಿದ್ದು

"ನಲವತ್ತು ಸಾವಿರ ಪುಸ್ತಕದಲ್ಲಿ ಯಾವುದು ಎಲ್ಲಿದೆ ಅಂತ ಕಣ್ಣುಮುಚ್ಚಿ ಹೇಳೋನು ನಾನು. ಅಂಗೈಯಲ್ಲಿ ಹಿಡಿಯೋ ಒಂದು ಪಂಪು ನನಗೆ ಯಾವ ಲೆಕ್ಕ?"

ಬೆಳಗ್ಗೆ ಏಳು ಗಂಟೆಗೆ, ಮನೆಯ ಮುಂದೆ ನಿಂತ ಕಾರಿನ ಮೂತಿಯ ಮೇಲೆ ಕೈಯೂರಿ, ಗ್ರಂಥಪಾಲಕರು ಹೀಗೆ ಘೋಷಿಸಿದರು. ಯುದ್ಧಕ್ಕೆ ಹೊರಟ ಸೇನಾಪತಿಯ ಠೀವಿ! ಕೈಯಲ್ಲಿ ಖಡ್ಗದ ಬದಲು ಸ್ಕ್ರೂಡ್ರೈವರ್ ಇತ್ತು, ಅಷ್ಟೇ.

ಎದುರಿಗಿದ್ದ ಹೆಂಡತಿಗೆ ಜಯಕಾರ ಹಾಕುವ ಉತ್ಸಾಹವಿರಲಿಲ್ಲ. ಹನ್ನೊಂದು ಗಂಟೆಗೆ ಆಕೆಯ ಡ್ರೈವಿಂಗ್ ಪರೀಕ್ಷೆ. ಇದು ಮೂರನೆಯ ಸಲ. ಮೊದಲ ಸಲ ಕೈ ನಡುಗಿ, ಎಂಜಿನ್ ನಾಲ್ಕು ಬಾರಿ ಆಫ್ ಆಗಿ ನಪಾಸು. ಎರಡನೆಯ ಸಲ ಗಾಡಿ ಹೊರಡುವ ಮೊದಲೇ ನಪಾಸು. ಸ್ಟಿಯರಿಂಗ್ ಪಕ್ಕದ ಕಡ್ಡಿಯನ್ನು ತನ್ನತ್ತ ಎಳೆದರೆ ಮುಂದಿನ ಗಾಜಿಗೆ ನೀರು ಚಿಮ್ಮಬೇಕು, ಆಚೆಗೆ ತಳ್ಳಿದರೆ ಹಿಂದಿನ ಗಾಜಿಗೆ. ಎಳೆದರೂ ಇಲ್ಲ, ತಳ್ಳಿದರೂ ಇಲ್ಲ! ಪರೀಕ್ಷಾಧಿಕಾರಿ ಗೇಟಿನ ಕಡೆ ಬೆರಳು ತೋರಿಸಿದ್ದರು. ಆಕೆ ನರ್ಸು. ರೋಗಿಗಳ ಮನೆಮನೆಗೆ ಹೋಗಿ ಆರೈಕೆ ಮಾಡುವ ಹೊಸ ಕೆಲಸ ಸಿಕ್ಕಿತ್ತು. ಸೋಮವಾರ ಲೈಸೆನ್ಸ್ ತೋರಿಸಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಇವತ್ತು ಶುಕ್ರವಾರ.

"ರೀ, ಮೆಕ್ಯಾನಿಕ್ ಅರ್ಧ ಗಂಟೆ ಕೆಲಸ ಅಂದ. ಅವನಿಗೇ ಕೊಡೋಣ ಅಂತ ಒಂದು ವಾರದಿಂದ ಬಡ್ಕೊಂಡೆ."

"ಅವನು ಓದಿರೋದು ಎಷ್ಟು, ನಾನು ಓದಿರೋದು ಎಷ್ಟು?"

"ಅವನು ಓದಿಲ್ಲ. ರಿಪೇರಿ ಮಾಡಿದ್ದಾನೆ!"

ಗ್ರಂಥಪಾಲಕರು ಇಂಥ ಕ್ಷುಲ್ಲಕ ವಾದಗಳಿಗೆ ಉತ್ತರ ಕೊಡುವವರಲ್ಲ. ಮೊದಲು ರೋಗ ಯಾವುದೆಂದು ತಿಳಿಯಬೇಕು. ನೀರು ಚಿಮ್ಮುವ ತೂತುಗಳು ಕಟ್ಟಿಕೊಂಡಿರಬಹುದೆಂದು ಹೆಂಡತಿಯ ಸೀರೆ ಪಿನ್ನು ತಂದು ಮುಂದಿನವನ್ನೂ ಹಿಂದಿನದನ್ನೂ ಚೆನ್ನಾಗಿ ಚುಚ್ಚಿದರು. ಪ್ರಯೋಜನವಾಗಲಿಲ್ಲ, ಪಿನ್ನು ಡೊಂಕಾಯಿತು. ಆಮೇಲೆ ಮುಂದಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚತೊಡಗಿದರು. ಅದನ್ನು ಹಿಡಿದಿದ್ದ ಒಂಬತ್ತು ಕ್ಲಿಪ್‌ಗಳಲ್ಲಿ ನಾಲ್ಕು ಸುಮ್ಮನೆ ಬಂದವು. ಐದು ಬರಲೊಲ್ಲೆವೆಂದು ಹಟ ಹಿಡಿದು, ಬೈಸಿಕೊಂಡು, ಮುರಿದು ಬಂದವು.

"ಈ ಕಾರು ಮಾಡಿದೋನಿಗೆ ಕೈ ಇರ್ಲಿಲ್ವಾ? ಇಂಥ ಸಂದೀಲಿ ಯಾವ ಮನುಷ್ಯನ ಬೆರಳು ಹೋಗುತ್ತೆ?"

"ಮೆಕ್ಯಾನಿಕ್‌ದು ಹೋಗುತ್ತೆ," ಎಂದಳು ಹೆಂಡತಿ.

ಒಳಗೆ ನೀರಿನ ಟ್ಯಾಂಕು, ಅದರ ಬುಡದಲ್ಲಿ ಪಂಪು. ತಂತಿಯ ತುದಿಗೆ ಸಣ್ಣ ಬಲ್ಬು ಕಟ್ಟಿ, ಹೆಂಡತಿಗೆ ಕಡ್ಡಿ ಎಳೆಯಲು ಹೇಳಿದರು. ಬಲ್ಬು ಹೊತ್ತಿತು! ಅಂದರೆ ಕರೆಂಟು ಬರುತ್ತಿದೆ, ಪಂಪೇ ಸತ್ತಿದೆ. ಇಷ್ಟರಮಟ್ಟಿಗೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅದೇ ಅನಾಹುತಕ್ಕೆ ಕಾರಣವಾಯಿತು. ಮನುಷ್ಯನಿಗೆ ಒಂದು ಸಲ ಸರಿಯಾದರೆ ಸಾಕು, ಆಮೇಲೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲ.

ಪಂಪಿನಿಂದ ಎರಡು ಪೈಪು ಹೊರಟಿದ್ದವು. ಎರಡೂ ಕಪ್ಪು, ಎರಡೂ ಒಂದೇ ದಪ್ಪ. ಒಂದು ಮುಂದಿನ ಗಾಜಿಗೆ, ಇನ್ನೊಂದು ಹಿಂದಿನ ಗಾಜಿಗೆ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಎಡವುತ್ತಿದ್ದರು. ಆದರೆ ಇಪ್ಪತ್ತು ವರ್ಷ ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸಿದ ಕೈ ಇದು! ಗ್ರಂಥಪಾಲಕರು ಒಳಗೆ ಹೋಗಿ ಕಾಗದ, ಕತ್ತರಿ, ಗೋಂದಿನ ಬಾಟಲಿ ತಂದರು. ದುಂಡಗಿನ ಅಕ್ಷರದಲ್ಲಿ 'ಮುಂದಿನದು', 'ಹಿಂದಿನದು' ಎಂದು ಬರೆದು ಒಂದೊಂದು ಪೈಪಿಗೂ ಸುತ್ತಿ ಅಂಟಿಸಿದರು. ಒಣಗಲಿ ಎಂದು ಊದಿದರು ಕೂಡ. ಇಷ್ಟಕ್ಕೆ ಇಪ್ಪತ್ತು ನಿಮಿಷ.

"ಗಂಟೆ ಒಂಬತ್ತೂವರೆ ಆಯ್ತು!" ಹೆಂಡತಿಯ ದನಿ ಬೀದಿಯ ಕೊನೆಗೂ ಕೇಳಿಸಿತು. "ಪಂಪು ಹಾಕ್ತೀರೋ, ಅದಕ್ಕೊಂದು ರಟ್ಟಿನ ಹೊದಿಕೆ ಹಾಕಿ ಬೀರುವಿನಲ್ಲಿ ಇಡ್ತೀರೋ?"

"ಶಿಸ್ತು ಅಂದ್ರೆ ಏನು ಅಂತ ಗೊತ್ತಿಲ್ದೋರು ಹೀಗೇ ಮಾತಾಡೋದು!"

ಅಷ್ಟರಲ್ಲಿ ಅವರ ತಾಯಿ ಬಕೆಟ್ ನೀರು ಹಿಡಿದು ಹೊರಗೆ ಬಂದರು. ಹಳ್ಳಿಯಲ್ಲಿ ಮೂವತ್ತು ವರ್ಷ ಹೊಲಕ್ಕೆ ನೀರು ಕಟ್ಟಿದ ಹೆಂಗಸು. ಸೊಸೆ ಪರೀಕ್ಷೆಗೆ ಹೋಗುವ ಗಾಡಿ ಕೊಳಕಾಗಿರಬಾರದೆಂದು ಗಾಜು ತೊಳೆಯಲು ಬಂದವರು, ಮಗ ಪಂಪಿಗೆ ಕೈ ಹಾಕಿದ್ದನ್ನು ನೋಡಿ ನಿಂತರು.

"ಲೋ, ಆ ಟ್ಯಾಂಕಿನಲ್ಲಿ ನೀರಿಲ್ವೇನೋ?"

"ಇದೆ. ನಿನ್ನೆ ತಾನೇ ತುಂಬಿದ್ದೀನಿ."

"ಮತ್ತೆ ಬುಡದಲ್ಲಿರೋದನ್ನ ಕೀಳ್ತಿದ್ದೀಯಲ್ಲೋ?"

"ಅಮ್ಮಾ, ಇದು ನಿನ್ನ ಹೊಲದ ಪಂಪಲ್ಲ. ಓದಿದವನಿಗೆ ಹೇಳಿಕೊಡೋಕೆ ಬರಬೇಡ!" ಎಂದು ಗುಡುಗಿ, ಪೈಪು ಕಳಚಿ, ಪಂಪನ್ನು ಎಳೆದರು.

ಟ್ಯಾಂಕಿನ ನಾಲ್ಕು ಲೀಟರ್ ಸೋಪಿನ ನೀರು ಓದಿದವನ ಮುಖದ ಮೇಲೆ ಧುಮ್ಮಿಕ್ಕಿತು! ಮೂಗಿನೊಳಗೆ ಹೋಯಿತು, ಅಂಗಿಯ ತೋಳಿನಲ್ಲಿ ಹೊಕ್ಕು ಸೊಂಟದ ಹತ್ತಿರ ಹೊರಬಂತು. ಕಣ್ಣುರಿಗೆ ಬೈಯಲು ಬಾಯಿ ತೆರೆದರೆ ಮಾತಿನ ಬದಲು ಗುಳ್ಳೆ ಬಂತು. ಕಣ್ಣೊರೆಸಿಕೊಂಡು ನೋಡುತ್ತಾರೆ, ಎರಡು ಚೀಟಿಗಳೂ ಸೋಪಿನ ನೊರೆಯ ಮೇಲೆ ದೋಣಿಗಳಂತೆ ತೇಲುತ್ತ ಚರಂಡಿಯ ಕಡೆ ಹೊರಟಿವೆ. ಪೈಪುಗಳೆರಡೂ ಬೋಳು ಬೋಳು!

"ಯಾವುದು ಯಾವುದಕ್ಕೆ ಅಂತ ನೆನಪಿದೆಯಾ?" ಎಂದಳು ಹೆಂಡತಿ, ಹಲ್ಲು ಕಚ್ಚಿಕೊಂಡು.

ನೆನಪಿರಲಿಲ್ಲ. ಬರೆದಿಟ್ಟದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಆದರೆ ತಾಯಿ, ಹೆಂಡತಿ ಇಬ್ಬರೂ ನೋಡುತ್ತಿರುವಾಗ ಹಾಗೆಂದು ಒಪ್ಪಿಕೊಳ್ಳುವುದುಂಟೇ?

"ನನಗೆ ನೆನಪಿಲ್ದೆ ಇನ್ಯಾರಿಗೆ ಇರುತ್ತೆ!" ಎಂದು ರೇಗಿ, ಹಿಂದಿನ ದಿನವೇ ಕೊಂಡು ತಂದಿದ್ದ ಹೊಸ ಪಂಪು ಒತ್ತಿ, ಕೈಗೆ ಸಿಕ್ಕ ಪೈಪನ್ನು ಎದುರಿಗೆ ಕಂಡ ಮೂತಿಗೆ ತುರುಕಿದರು. ಟ್ಯಾಂಕು ತುಂಬಿಸಿ, ಒದ್ದೆ ಬಟ್ಟೆಯಲ್ಲೇ ಒಳಗೆ ಕೂತು ಕಡ್ಡಿ ಎಳೆದರು. ಗುಂಯ್ ಎಂದು ಪಂಪು ತಿರುಗಿತು. ಮುಂದಿನ ಗಾಜಿನ ಮೇಲೆ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು!

"ನೋಡ್ಕೋ! ಕಣ್ತುಂಬ ನೋಡ್ಕೋ!" ಎಂದು, ಒಳಗೆ ಹೋಗಿ ಸೀರೆ ಬದಲಿಸಿ ಆಗಷ್ಟೇ ಹೊರಬಂದ ಹೆಂಡತಿಗೆ ಕೂಗಿದರು.

ಆ ನೀರು ಅವರ ತಾಯಿ ಆಗಷ್ಟೇ ಬಕೆಟ್ಟಿನಿಂದ ಎರಚಿದ್ದು. ತಾಯಿ ಅದನ್ನು ಹೇಳಲು ಬಾಯಿ ತೆರೆದರು. ಓದಿದವನಿಗೆ ಹೇಳಿಕೊಡಬಾರದೆಂದು ನೆನಪಾಗಿ ಮುಚ್ಚಿಕೊಂಡರು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಕಾರು ಪರೀಕ್ಷೆಯ ಮೈದಾನ ಸೇರಿತು. ಗ್ರಂಥಪಾಲಕರು ಬೇಲಿಯಾಚೆ, ಪರೀಕ್ಷೆಗೆ ಬಂದವರ ಅಪ್ಪ, ಅಣ್ಣ, ಗಂಡಂದಿರ ಗುಂಪಿನಲ್ಲಿ ಎದೆಯುಬ್ಬಿಸಿ ನಿಂತು, "ಪಂಪು ನಾನೇ ಬದಲಿಸಿದ್ದು" ಎಂದು ಕೇಳದಿದ್ದವರಿಗೂ ಹೇಳಿದರು.

ಅಧಿಕಾರಿ ಕಾಗದದ ಹಲಗೆ ಹಿಡಿದು ಕಾರಿನ ಹಿಂದೆ ಬಂದು ನಿಂತರು.

"ಬ್ರೇಕ್ ಒತ್ತಮ್ಮ." ದೀಪ ಹೊತ್ತಿತು. "ಎಡಗಡೆ. ಬಲಗಡೆ." ಎರಡೂ ಮಿನುಗಿದವು. ಅಧಿಕಾರಿ ನಂಬರ್ ಬರೆದುಕೊಳ್ಳಲು ಬಗ್ಗಿ, ತಲೆಯೆತ್ತದೆ ಹೇಳಿದರು: "ಹೋದ್ಸಲ ನೀರು ಬಂದಿರ್ಲಿಲ್ಲ ಅಲ್ವಾ? ಮುಂದಿನ ಗಾಜಿಗೆ ಹೊಡಿ, ನೋಡೋಣ."

ಹೆಂಡತಿ ಕಡ್ಡಿ ಎಳೆದಳು.

ಮುಂದಿನ ಗಾಜು ಒಣಗಿಯೇ ಇತ್ತು. ಹಿಂದಿನ ತೂತಿನಿಂದ, ಪಿನ್ನು ಚುಚ್ಚಿಸಿಕೊಂಡು ದಿಕ್ಕು ಕೆಟ್ಟಿದ್ದ ತೂತಿನಿಂದ, ಸೋಪಿನ ನೀರು ಬಿಲ್ಲಿನಂತೆ ಬಾಗಿ ಹಾರಿ, ಅಧಿಕಾರಿಯ ಕನ್ನಡಕ, ಮೀಸೆ, ಅಂಗಿ, ಕಾಗದ ಎಲ್ಲಕ್ಕೂ ಅಭಿಷೇಕ ಮಾಡಿತು!

ಬೇಲಿಯಾಚೆಯ ಗುಂಪು ಗ್ರಂಥಪಾಲಕರಿಂದ ಎರಡು ಹೆಜ್ಜೆ ದೂರ ಸರಿಯಿತು.

"ಏನ್ರೀ ಇದು!" ಅಧಿಕಾರಿ ಅಬ್ಬರಿಸಿದರು.

ಹೆಂಡತಿ ಕನ್ನಡಿಯಲ್ಲಿ ಅವರ ಮುಖ ನೋಡಿದಳು. ಒಂದು ಕ್ಷಣ, ಅಷ್ಟೇ. ಕಡ್ಡಿಯನ್ನು ಆಚೆಗೆ ತಳ್ಳಿದಳು. ಮುಂದಿನ ಗಾಜಿನ ಮೇಲೆ ನೀರು ಸೊಗಸಾಗಿ ಚಿಮ್ಮಿತು.

"ಪೈಪು ಅದಲುಬದಲಾಗಿದೆ ಸರ್. ಮುಂದೆ ಬೇಕಂದ್ರೆ ಹಿಂದಿಂದು ಒತ್ಬೇಕು."

"ಗೊತ್ತಿದ್ದೂ ನನ್ನ ಮೇಲೆ ಹೊಡೆದ್ರಾ?"

"ಇಲ್ಲ ಸರ್. ನಿಮ್ಮ ಮುಖ ನೋಡಿದ್ಮೇಲೆ ಗೊತ್ತಾಯ್ತು."

"ಯಾರು ರಿಪೇರಿ ಮಾಡಿದ್ದು?"

ಆಕೆ ತಿರುಗಿಯೂ ನೋಡದೆ ಬೆರಳು ಚಾಚಿದಳು. "ಅಲ್ಲಿ ಒಬ್ರೇ ನಿಂತಿದ್ದಾರಲ್ಲ, ಅವರು."

ಅಧಿಕಾರಿ ಕನ್ನಡಕ ಒರೆಸಿಕೊಂಡು, ಪಕ್ಕದ ಸೀಟಿನಲ್ಲಿ ಕೂತರು. "ನಡೀರಿ."

ಕಾರು ಹೊರಟಿತು. ಆಕೆಯ ಕೈ ನಡುಗಲಿಲ್ಲ. ನಡುಗಲು ಜಾಗವೇ ಇರಲಿಲ್ಲ, ಭಯ ಕೂರುವ ಜಾಗದಲ್ಲೆಲ್ಲ ಸಿಟ್ಟು ಕಾಲು ಚಾಚಿ ಕೂತಿತ್ತು. ಏರಿನಲ್ಲಿ ನಿಂತು ಹೊರಟಳು, ಗೂಟಗಳ ನಡುವೆ ಹಿಂದಕ್ಕೆ ಬಂದಳು. ಒಂದು ಗೂಟವೂ ಅಲುಗಲಿಲ್ಲ, ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ಇಳಿಯುವಾಗ ಅಧಿಕಾರಿ ಒದ್ದೆ ಕಾಗದದ ಮೇಲೆ 'ಪಾಸ್' ಎಂದು ಬರೆಯಲು ಹೋದರು. ಶಾಯಿ ಹರಡಿತು. ಇನ್ನೊಂದು ಕಾಗದ ತರಿಸಿ ಬರೆದರು. ಆಮೇಲೆ ಬೇಲಿಯ ಕಡೆ ಕೈ ಬೀಸಿ ಕರೆದರು.

"ನಿಮ್ಮ ಲೈಸೆನ್ಸ್ ಇದೆಯಾ?"

ಗ್ರಂಥಪಾಲಕರು ಒದ್ದೆ ಜೇಬಿನಿಂದ ತೆಗೆದುಕೊಟ್ಟರು. ಅಧಿಕಾರಿ ಅದನ್ನು ಮುಂದೆ ನೋಡಿದರು, ಹಿಂದೆ ತಿರುಗಿಸಿ ನೋಡಿದರು, ಬಿಸಿಲಿಗೆ ಹಿಡಿದೂ ನೋಡಿದರು.

"ಇದರಲ್ಲಿ ಓಡಿಸಬಹುದು ಅಂತ ಮಾತ್ರ ಇದೆ ಸ್ವಾಮಿ. ಬಿಚ್ಚಬಹುದು ಅಂತ ಎಲ್ಲೂ ಬರೆದಿಲ್ಲವಲ್ಲ?"

ಗ್ರಂಥಪಾಲಕರು ಲೈಸೆನ್ಸ್ ಜೇಬಿಗಿಟ್ಟುಕೊಂಡು ಬಂದು ಕಾರಿನಲ್ಲಿ ಕೂತರು. ಹೆಂಡತಿ ಎಂಜಿನ್ ಶುರುಮಾಡಿದಳು.

"ರೀ, ಸೀಟ್ ಬೆಲ್ಟ್ ಹಾಕ್ಕೊಂಡ್ರಾ?"

"ಹಾಕ್ಕೊಂಡೆ."

"ಅಷ್ಟೇ. ಇನ್ನು ಯಾವುದನ್ನೂ ಮುಟ್ಟಬೇಡಿ."