ಅಬ್ಬನ ಮುರಿಯದ ಉಪವಾಸ

ರಂಜಾನ್ ಬಂತೆಂದರೆ ನಮ್ಮ ಮನೆಯಲ್ಲಿ ಇಂಥದ್ದೊಂದು ನಡೆದೇ ನಡೆಯುತ್ತದೆ. ನಡೆಸುವವರು ನನ್ನ ಅಬ್ಬ. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಬಡಗಿಯಾಗಿದ್ದವರು. ಅಲ್ಲಿನ ಕುಂದಾಪ್ರ ಕನ್ನಡವನ್ನೇ ಮನೆಯಲ್ಲೂ ಆಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ ಎಂದರೆ ಅವರಿಗೆ ಅವಮಾನ.

೧. ಕಣ್ಣಿನ ಹನಿ

ಹೋದ ವರ್ಷ ಅಬ್ಬನ ಒಂದು ಕಣ್ಣಿನ ಪೊರೆ ತೆಗೆಸಿದ್ದೆವು. ಹನಿ ಹಾಕಹೋದರೆ ಗಟ್ಟಿಯಾಗಿ ಕಣ್ಣು ಮುಚ್ಚಿಬಿಟ್ಟರು.

"ಹನಿಯಿಂದ ಉಪವಾಸ ಮುರಿಯುವುದಿಲ್ಲವಂತೆ ಅಬ್ಬ, ಮಸೀದಿಯ ಉಸ್ತಾದರೇ ಹೇಳಿದ್ದಾರೆ."

ಅಬ್ಬ ಯೋಚಿಸಿದರು. "ಈ ಕಣ್ಣ್ ಉಪಾಸ ಇತ್ತ್. ಬೇಕಾರೆ ಆಚಿ ಕಣ್ಣಿಗ್ ಹಾಕ್."

೨. ಮಧ್ಯಾಹ್ನದ ಗಂಜಿ

ಈ ವರ್ಷ ಅಬ್ಬನಿಗೆ ಮರೆವು. ಬೆಳಿಗ್ಗೆ ಇನ್ಸುಲಿನ್ ಚುಚ್ಚಿದ ಮೇಲೆ ಮಧ್ಯಾಹ್ನ ಉಣ್ಣದಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೆದರಿಸಿದ್ದರು. ಅಬ್ಬನೋ ನಸುಕಿಗೇ ಎದ್ದು ಉಪವಾಸದ ಸಂಕಲ್ಪ ಮಾಡುತ್ತಾರೆ, ಮಧ್ಯಾಹ್ನಕ್ಕೆ ಮರೆತು ಗಂಜಿ ಕೇಳುತ್ತಾರೆ. ನಾನು ಉಸ್ತಾದರ ಬಳಿ ಓಡಿದೆ.

"ಮರೆತು ತಿಂದರೆ ಉಪವಾಸ ಮುರಿಯುವುದಿಲ್ಲಮ್ಮ."

"ನಾನು ನೆನಪಿಸದಿದ್ದರೆ?"

"ಗಟ್ಟಿಮುಟ್ಟಾದವರಿಗೆ ನೆನಪಿಸಬೇಕು. ಬಲವಿಲ್ಲದ ಮುದುಕರಾದರೆ ಸುಮ್ಮನಿರು."

ಸುಮ್ಮನಿದ್ದೆ. ಅಬ್ಬ ದಿನಾ ಮೀನುಸಾರಿನ ಜೊತೆ ಗಂಜಿ ಉಂಡರು. ಸಂಜೆ ಮಸೀದಿಯಲ್ಲಿ ಬಾಂಗ್ ಕೂಗಿದಾಗ ಖರ್ಜೂರ ಹಿಡಿದು ನನ್ನ ಬಾಡಿದ ಮುಖ ನೋಡಿ ಕನಿಕರಪಟ್ಟರು: "ಇಷ್ಟಕ್ಕೇ ಸೋತ್ ಹೋದ್ಯಾ? ನನ್ ಕಾಣ್, ಹ್ಯಾಂಗಿದ್ದೆ!"

೩. ಹಬ್ಬ

ಮೊನ್ನೆ ಮಧ್ಯಾಹ್ನ ಮೊದಲ ತುತ್ತು ಎತ್ತಿದವರು ತಟ್ಟನೆ ನಿಲ್ಲಿಸಿದರು. "ನಾ ಉಪಾಸ ಅಲ್ದಾ?"

ಅವರಿಗೆ ನೆನಪು ಬರಲಿ ಎಂದು ವರ್ಷವಿಡೀ ಬೇಡಿಕೊಂಡವಳು ನಾನು. ಬಂದದ್ದು ಈಗ! ಇನ್ಸುಲಿನ್ ಆಗಲೇ ಒಳಗೆ ಹೋಗಿತ್ತು. ಹೆದರಿಕೆಯಲ್ಲಿ ಬಾಯಿಗೆ ಬಂದ ಸುಳ್ಳು ಹೇಳಿದೆ: "ಇಲ್ಲ ಅಬ್ಬ, ಇವತ್ತು ಹಬ್ಬ."

"ಹಂಗಾರೆ ನೀ ಎಂತಕ್ ಉಂಬುದಿಲ್ಲೆ? ಹಬ್ಬದ್ ದಿನ ಉಪಾಸ ಹರಾಂ!" ನೀರಿನ ಲೋಟ ನನ್ನ ಮುಂದೆ ಹಿಡಿದರು. "ನೀ ಕುಡಿದ್ರೇ ನಾ ಉಂಬುದ್."

ಸಕ್ಕರೆ ಇಳಿದು ಅವರು ಆಗಲೇ ಬೆವರುತ್ತಿದ್ದರು. ಕುಡಿದೆ. ಗೊತ್ತಿದ್ದೇ ಕುಡಿದದ್ದು, ಮುರಿಯಿತು. ರಂಜಾನ್ ಕಳೆದ ಮೇಲೆ ಬದಲಿಗೆ ಒಂದು ದಿನ ಉಪವಾಸ ಹಿಡಿದರಾಯಿತು ಅಂದುಕೊಂಡೆ.

ಅಬ್ಬ ಸಮಾಧಾನದಿಂದ ಉಂಡರು. ಆಮೇಲೆ ಇನ್ನೊಂದು ಲೋಟ ತುಂಬಿಸಿ ನನ್ನ ಕೈಗಿಟ್ಟರು. ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಇದನ್ ನನ್ ಮಗ್ಳಿಗೂ ಕೊಡಿ. ಅದಕ್ಕೂ ನನ್ನಂಗೇ ಹಠ, ಉಪಾಸ ಬಿಡುದಿಲ್ಲೆ."

ಎರಡನೇ ಲೋಟವನ್ನೂ ನಾನೇ ಕುಡಿದೆ.